ಚಪಲವೋ, ಚಟವೋ: ತಿನ್ನುವ ಆಸೆಗೆ ನಾವಿಡುವ ಹೆಸರುಗಳು

ಹುಬ್ಬಳ್ಳಿ-ಧಾರವಾಡದ ಕಡೆಯ ಕನ್ನಡದಲ್ಲಿ ತಿನ್ನುವ ಆಸೆಗೆ ಒಂದೇ ಹೆಸರಿಲ್ಲ. ಹೊಟ್ಟೆ ಖಾಲಿಯಾದಾಗ ಆಗುವುದು ಹಸಿವು. ಹೊಟ್ಟೆ ತುಂಬಿದ ಮೇಲೂ ನಾಲಿಗೆ ಏನನ್ನೋ ಬೇಡುತ್ತಿದ್ದರೆ ಅದು ಬಾಯಿ ಚಪಲ. ಬಸುರಿಗೆ ಆಗುವುದು ಬಯಕೆ. ಹೊತ್ತಿಗೆ ಸರಿಯಾಗಿ ಚಹಾ ಸಿಗದವನಿಗೆ ಹತ್ತುವುದು ತಲಬು. ಗುಟ್ಖಾ, ಸೆರೆ, ಇಸ್ಪೀಟಿಗೆ ಬಿದ್ದವನದು ಚಟ. ಮಧ್ಯಾಹ್ನ ಉಂಡು ಎರಡು ತಾಸು ಕಳೆಯುವಷ್ಟರಲ್ಲಿ ಚುರುಮುರಿ ಡಬ್ಬಿಯೊಳಗೆ ಕೈ ಹೋದರೆ ಈ ಹೆಸರುಗಳಲ್ಲಿ ಯಾವುದೂ ಬೇಕಾಗುವುದಿಲ್ಲ. "ಸುಮ್ನ ಬಾಯಾಡ್ಸಾಕ" ಎಂದರೆ ಮಾತು ಮುಗಿಯುತ್ತದೆ.

ಈ ಪದಗಳು ಮೇಲುನೋಟಕ್ಕೆ ದೇಹದ ಸ್ಥಿತಿಯನ್ನು ಹೇಳುವಂತೆ ಕಾಣುತ್ತವೆ. ಆದರೆ ಮನೆಯೊಳಗೆ ಅವು ಬಳಕೆಯಾಗುವುದನ್ನು ನಾಲ್ಕು ದಿನ ಕಿವಿಗೊಟ್ಟು ಕೇಳಿದರೆ, ತಿನ್ನುವವರು ಯಾರು ಎಂಬುದರ ಮೇಲೆ ಹೆಸರು ಬದಲಾಗುವುದು ಗೊತ್ತಾಗುತ್ತದೆ. ಸಂಜೆ ಐದಕ್ಕೆ ತಪ್ಪದೆ ಎರಡು ಮಿರ್ಚಿ, ಒಂದು ಪ್ಲೇಟ್ ಗಿರ್ಮಿಟ್, ಮೇಲೊಂದು ಚಹಾ ಆಗಲೇಬೇಕಾದ ಹಿರಿಯರ ಬಗ್ಗೆ ಮನೆಯವರು "ಅವರಿಗೆ ಅದು ರೂಢಿ" ಎನ್ನುತ್ತಾರೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತು ಎರಡು ಹಿಡಿ ಸವಣೂರು ಖಾರಾ ಬಾಯಿಗೆ ಹಾಕಿಕೊಂಡ ಸೊಸೆಗೆ "ಬಾಯಿ ಚಪಲ ಭಾಳ" ಎಂಬ ಹೆಸರು ಬರುತ್ತದೆ. ಆಕೆ ಬಸುರಿಯಾದ ಮೇಲೆ ಅದೇ ಖಾರಾ ಬಯಕೆಯಾಗುತ್ತದೆ. ತವರಿನಿಂದ ಬಯಕಿ ಬುತ್ತಿ ಬರುತ್ತದೆ, ಕುಬಸದ ದಿನ ಐದಾರು ಬಗೆಯ ಅಡುಗೆ ಮಾಡಿ ಎದುರು ಕೂತು ಬಡಿಸುತ್ತಾರೆ. ಹೆತ್ತ ಮೇಲೆ ಮತ್ತೆ ಚಪಲ. ಒಂದೇ ನಾಲಿಗೆಯ ಒಂದೇ ಆಸೆಗೆ ನಮ್ಮ ಸಮಾಜ ಒಂಬತ್ತು ತಿಂಗಳ ಪರವಾನಗಿ ಕೊಟ್ಟು ಮತ್ತೆ ಹಿಂಪಡೆಯುತ್ತದೆ ಎಂಬುದು ನನಗೆ ಬಹಳ ದಿನ ಹೊಳೆದಿರಲಿಲ್ಲ.

ಈಗ ಇದರ ನಡುವೆ ಹೊಸದೊಂದು ಹೆಸರು ಬಂದು ಸೇರಿಕೊಂಡಿದೆ. ಇಂಗ್ಲಿಷಿನ 'ಫುಡ್ ಅಡಿಕ್ಷನ್' ಪತ್ರಿಕೆಗಳಲ್ಲಿ 'ಆಹಾರ ವ್ಯಸನ'ವಾಗಿ, ಮೊಬೈಲಿನ ಸಣ್ಣ ವಿಡಿಯೋಗಳಲ್ಲಿ "ಸಕ್ಕರೆ ಕೊಕೇನಿಗಿಂತ ಕೆಟ್ಟದ್ದು" ಎಂಬ ಘೋಷಣೆಯಾಗಿ ಮನೆಮನೆ ತಲುಪಿದೆ. ಸಕ್ಕರೆ ಕಾಯಿಲೆ ಬಂದವರು ತಮ್ಮನ್ನೇ "ನಂಗ ಸ್ವೀಟಿನ ಅಡಿಕ್ಷನ್ ಐತ್ರಿ" ಎಂದು ಪರಿಚಯಿಸಿಕೊಳ್ಳುವುದು ಈಗ ಸಾಮಾನ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹವಿದೆ, ಇನ್ನೂ ಶೇ. 15.3ರಷ್ಟು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು. ಇಷ್ಟು ಜನಕ್ಕೆ ಸಂಬಂಧಿಸಿದ ಮಾತಾದ್ದರಿಂದ ಈ ಹೊಸ ಹೆಸರು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ನೋಡುವುದು ಅಗತ್ಯ.

ಹೆಸರಿನ ಗೊಂದಲ ನಮ್ಮೊಬ್ಬರದೇ ಅಲ್ಲ ಎಂಬುದು ಮೊದಲ ಸಂಗತಿ. ಜೂಲಿಯಾ ಹಾರ್ಮ್ಸ್ ಮತ್ತು ಪಾಲ್ ರೋಜಿನ್ ಎಂಬ ಮನೋವಿಜ್ಞಾನಿಗಳು ಏನನ್ನೋ ತಿನ್ನಲೇಬೇಕೆನ್ನಿಸುವ ತೀವ್ರ ಹಂಬಲವನ್ನು ಹೇಳುವ ಇಂಗ್ಲಿಷಿನ 'ಕ್ರೇವಿಂಗ್' ಪದಕ್ಕೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸಮಾನಪದವಿದೆಯೇ ಎಂದು ವಿಚಾರಿಸಿ 2010ರಲ್ಲಿ ಬರೆದರು. ಚಟಕ್ಕೆ ಪದವಿರುವ ಎಷ್ಟೋ ಭಾಷೆಗಳಲ್ಲಿ ಕ್ರೇವಿಂಗ್‌ಗೆ ನೇರವಾದ ಪದ ಸಿಗಲಿಲ್ಲ. ಒಂದು ಭಾಷೆ ಒಂದೇ ಮಾತಿನಲ್ಲಿ ಕಟ್ಟಿಡುವುದನ್ನು ಇನ್ನೊಂದು ಭಾಷೆ ನಾಲ್ಕಾಗಿ ಒಡೆದಿಟ್ಟಿರುತ್ತದೆ. ಹಾಗಾಗಿ ಕ್ರೇವಿಂಗ್ ಎಂದರೆ ಚಪಲ ಎಂದು ಬರೆದರೂ ಬಯಕೆ ಎಂದು ಬರೆದರೂ ಅನುವಾದಕ ತನಗರಿವಿಲ್ಲದೆಯೇ ತಿನ್ನುವವರ ಬಗ್ಗೆ ಒಂದು ತೀರ್ಪನ್ನು ಕೊಟ್ಟಿರುತ್ತಾನೆ.

'ಆಹಾರದ ಚಟ' ಎಂಬ ಮಾತು ವೈದ್ಯಕೀಯ ಬರಹದಲ್ಲಿ ಕಾಣಿಸಿಕೊಂಡದ್ದು 1956ರಲ್ಲಿ. ಅಮೆರಿಕದ ವೈದ್ಯ ಥೆರಾನ್ ರ‍್ಯಾಂಡಾಲ್ಫ್ ಅದನ್ನು ಬಳಸಿದಾಗ ಅವರ ಪಟ್ಟಿಯಲ್ಲಿದ್ದುದು ಗೋಧಿ, ಮೆಕ್ಕೆಜೋಳ, ಕಾಫಿ, ಹಾಲು, ಮೊಟ್ಟೆ, ಆಲೂಗಡ್ಡೆಯಂಥ ದಿನಬಳಕೆಯ ಪದಾರ್ಥಗಳು. ಇಂದು ಆ ಮಾತನ್ನು ಕೇಳಿದಾಗ ಕಣ್ಣಿಗೆ ಬರುವ ಚಿಪ್ಸ್, ಚಾಕೊಲೇಟು, ಐಸ್‌ಕ್ರೀಮುಗಳ ಚಿತ್ರ ಆಮೇಲಿನದು. ವಿಷಯಕ್ಕೊಂದು ಅಳತೆಗೋಲು ಸಿಕ್ಕಿದ್ದು 2009ರಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಆಶ್ಲಿ ಗೇರ್‌ಹಾರ್ಟ್ ಮತ್ತು ಸಂಗಡಿಗರು, ಹೆಂಡ ಹಾಗೂ ತಂಬಾಕಿನ ಚಟವನ್ನು ಗುರುತಿಸಲು ಬಳಸುವ ಲಕ್ಷಣಗಳನ್ನೇ ಆಹಾರಕ್ಕೆ ಅನ್ವಯಿಸಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. 2016ರ ಪರಿಷ್ಕೃತ ರೂಪದಲ್ಲಿ 35 ಪ್ರಶ್ನೆಗಳಿವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ತಿನ್ನುವುದು, ಬಿಡಲು ಯತ್ನಿಸಿ ಸೋಲುವುದು, ಕೇಡಾಗುತ್ತಿದೆ ಎಂದು ತಿಳಿದೂ ಮುಂದುವರಿಸುವುದು, ಬಿಟ್ಟಾಗ ಚಡಪಡಿಸುವುದು ಇತ್ಯಾದಿ 11 ಲಕ್ಷಣಗಳ ಜೊತೆಗೆ, ಇದರಿಂದ ಬದುಕಿಗೆ ತೊಂದರೆಯಾಗಿದೆಯೇ ಎಂಬುದನ್ನೂ ಅದು ಕೇಳುತ್ತದೆ. 36 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ವಯಸ್ಕರಲ್ಲಿ ಶೇ. 14, ಮಕ್ಕಳಲ್ಲಿ ಶೇ. 12ರಷ್ಟು ಜನ ಈ ಅಳತೆಗೋಲಿನ ಗೆರೆ ದಾಟುತ್ತಾರೆ ಎಂದು 2023ರಲ್ಲಿ ಗೇರ್‌ಹಾರ್ಟ್ ಮತ್ತಿತರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಗೆರೆ ದಾಟುವುದೆಂದರೆ ರೋಗವೆಂದು ನಿರ್ಧಾರವಾದಂತಲ್ಲ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಜೂಜಿನ ಗೀಳನ್ನು ಚಟಗಳ ಸಾಲಿಗೆ ಸೇರಿಸಿತು, ಆಹಾರದ ಚಟವನ್ನು ಸೇರಿಸಲಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲಿ ವಿಡಿಯೋ ಗೇಮಿನ ಗೀಳಿಗೆ ಜಾಗವಿದೆ, ಆಹಾರದ ಚಟಕ್ಕಿಲ್ಲ. ಎರಡರಲ್ಲೂ ಇದಕ್ಕೆ ಹತ್ತಿರವಾಗಿ ಇರುವುದು ತಡೆಯಲಾಗದೆ ಅತಿಯಾಗಿ ತಿನ್ನುವ ಕಾಯಿಲೆ. ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಜಗಳ ಇರುವುದು ಒಂದೇ ಪ್ರಶ್ನೆಯಲ್ಲಿ. ತಂಬಾಕಿನಲ್ಲಿ ನಿಕೋಟಿನ್ ಇದೆ, ಹೆಂಡದಲ್ಲಿ ಆಲ್ಕೊಹಾಲ್ ಇದೆ. ಆಹಾರದಲ್ಲಿ ಚಟ ಹತ್ತಿಸುವ ವಸ್ತು ಯಾವುದು? ಹಾಗೆ ಬೆರಳು ಮಾಡಿ ತೋರಿಸಬಹುದಾದ ಒಂದು ವಸ್ತು ಸಿಗುವುದಿಲ್ಲವಾದ್ದರಿಂದ ಇದನ್ನು 'ಆಹಾರದ ಚಟ' ಎನ್ನದೆ 'ತಿನ್ನುವ ಚಟ' ಎನ್ನಬೇಕು ಎಂದು ಯುರೋಪಿನ ಸಂಶೋಧಕರ ಗುಂಪೊಂದು 2014ರಲ್ಲಿ ವಾದಿಸಿತು. ಪದದ ವ್ಯತ್ಯಾಸ ಸಣ್ಣದೆನ್ನಿಸಬಹುದು. ಆದರೆ ಮೊದಲನೆಯದು ತಪ್ಪನ್ನು ತಟ್ಟೆಯಲ್ಲಿರುವುದರ ಮೇಲೆ ಹಾಕುತ್ತದೆ, ಎರಡನೆಯದು ತಟ್ಟೆಯ ಮುಂದೆ ಕೂತವರ ಮೇಲೆ. ಒಂದರಿಂದ ಕಾನೂನು, ತೆರಿಗೆ, ಲೇಬಲ್ಲುಗಳ ಮಾತು ಹುಟ್ಟುತ್ತದೆ. ಇನ್ನೊಂದರಿಂದ ಆಪ್ತಸಲಹೆ ಮತ್ತು ಔಷಧದ ಮಾತು.

ಮಿದುಳಿನ ಬಗ್ಗೆ ಹೇಳುವಾಗ ಎಲ್ಲರೂ ಡೋಪಮಿನ್ ಹೆಸರು ತೆಗೆಯುತ್ತಾರೆ, ಬಹುಪಾಲು ತಪ್ಪಾಗಿ. ಅದು ಸುಖ ಕೊಡುವ ರಾಸಾಯನಿಕ ಎಂಬುದು ಜನಪ್ರಿಯ ತಿಳಿವಳಿಕೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರ‍್ರಿ ರಾಬಿನ್ಸನ್ ತೊಂಬತ್ತರ ದಶಕದಿಂದ ತೋರಿಸುತ್ತ ಬಂದಿರುವಂತೆ, ಬೇಕೆನ್ನಿಸುವುದಕ್ಕೂ ಹಿಡಿಸುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ. ಡೋಪಮಿನ್ ಮುಖ್ಯವಾಗಿ ಮೊದಲನೆಯದರದು. ವೋಲ್ಫ್ರಮ್ ಶುಲ್ಟ್ಸ್ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಆರಂಭದಲ್ಲಿ ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೆರಳುತ್ತಿದ್ದ ಡೋಪಮಿನ್ ನರಕೋಶಗಳು, ರಸ ಬರುವ ಮುನ್ಸೂಚನೆಯನ್ನು ಮಂಗ ಕಲಿತ ಮೇಲೆ ಸೂಚನೆ ಕಂಡಾಗಲೇ ಕೆರಳತೊಡಗಿದವು, ರಸ ಬಿದ್ದಾಗ ಸುಮ್ಮನಿದ್ದವು. ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಡೆದುಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾದ ಎಣ್ಣೆಗೆ ಹಿಟ್ಟು ಬಿದ್ದ ಸಪ್ಪಳಕ್ಕೇ ಕಾಲು ನಿಧಾನವಾಗುತ್ತದೆ. ಮೂರನೆಯ ಮಿರ್ಚಿ ತಿನ್ನುವಾಗ ಮೊದಲಿನ ಸುಖ ಇಲ್ಲದಿದ್ದರೂ ನಾಳೆ ಅದೇ ಸಪ್ಪಳ ಕಾಲನ್ನು ಮತ್ತೆ ಹಿಡಿಯುತ್ತದೆ. ಇದು ಕಲಿಕೆ. ಚಟದಲ್ಲಿಯೂ ಇದೇ ಕಲಿಕೆ ಕೆಲಸ ಮಾಡುತ್ತದೆ, ಆದರೆ ಕಲಿತದ್ದೆಲ್ಲ ಚಟವಲ್ಲ.

ಈ ವ್ಯತ್ಯಾಸ ಹಿಡಿಯಲು ನಮ್ಮ ಸೀಮೆಯ ಎರಡು ಪದಾರ್ಥಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು: ಖಾರ ಮತ್ತು ಚಹಾ.

ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಸುಕ್ಕುಗಟ್ಟಿದ ಆ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದದ್ದು. ಕಾಯಿಯೊಳಗಿನ ಕ್ಯಾಪ್ಸೈಸಿನ್ ನಾಲಿಗೆಯ ಮೇಲೆ ಏನು ಮಾಡುತ್ತದೆಂಬುದನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಬಿಡಿಸಿತು: ಸುಡುವ ಬಿಸಿಯನ್ನು ಗ್ರಹಿಸುವ ನರದ ಬಾಗಿಲನ್ನೇ ಅದು ತೆರೆಯುತ್ತದೆ. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂದದ್ದು ಇದಕ್ಕೇ. ಖಾರ ಒಂದು ರುಚಿಯಲ್ಲ, ನೋವು. ಆ ನೋವನ್ನು ಮನುಷ್ಯ ಮೆಚ್ಚಲು ಕಲಿಯುತ್ತಾನೆ. ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಪಾಲ್ ರೋಜಿನ್ ಮತ್ತು ಸಂಗಡಿಗರು ನೋಡಿದಂತೆ, ಹುಟ್ಟಿದಾಗಿನಿಂದ ಮನೆಯ ಖಾರದ ಎಂಜಲನ್ನೇ ತಿಂದು ಬೆಳೆದ ನಾಯಿ, ಹಂದಿಗಳೂ ಖಾರದ್ದನ್ನು ಬಿಟ್ಟು ಸಪ್ಪೆಯದನ್ನು ಆರಿಸಿಕೊಳ್ಳುತ್ತಿದ್ದವು ಅಥವಾ ಭೇದವೆಣಿಸುತ್ತಿರಲಿಲ್ಲ. ಖಾರವನ್ನೇ ಬೇಕೆಂದು ಆರಿಸಿಕೊಂಡದ್ದು ಮನುಷ್ಯರು ಮಾತ್ರ. ನಮ್ಮ ಮನೆಗಳಲ್ಲೂ ಮೊದಲು ಹಾಲಿನಲ್ಲಿ ನೆನೆಸಿದ ರೊಟ್ಟಿ, ಆಮೇಲೆ ಬೆಣ್ಣೆ ಕಲಸಿದ ಶೇಂಗಾ ಹಿಂಡಿ, ಆಮೇಲೆ ಕೆಂಪು ಚಟ್ನಿ ಎಂಬ ಕ್ರಮದಲ್ಲಿ ಮಗು ಊರಿನ ನಾಲಿಗೆಯನ್ನು ಪಡೆಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಇದು: ಖಾರ ತಿನ್ನುವವರಲ್ಲಿ ಚಟದ ಲಕ್ಷಣಗಳಲ್ಲಿ ಕೆಲವು ನಿಜವಾಗಿಯೂ ಇವೆ. ಮತ್ತೆ ಮತ್ತೆ ತಿಂದಂತೆ ನರಗಳು ಮಂದವಾಗಿ ಅಷ್ಟೇ ಉರಿಗೆ ಹೆಚ್ಚು ಖಾರ ಬೇಕಾಗುತ್ತದೆ. ನಾಲ್ಕು ದಿನ ಸಪ್ಪೆ ಉಂಡವರು "ಊಟ ಇಳೀವಲ್ದು" ಎಂದು ಚಡಪಡಿಸುತ್ತಾರೆ. ಪುಣೆಗೋ ಬೆಂಗಳೂರಿಗೋ ಹೋದವರು ಹಿಂಡಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡೇ ಹೋಗುತ್ತಾರೆ. ಆದರೂ ಖಾರಕ್ಕಾಗಿ ಮನೆ ಮಾರಿದವನಿಲ್ಲ, ಖಾರ ಬಿಡಲಾಗದೆ ಆಸ್ಪತ್ರೆಗೆ ಸೇರಿದವನೂ ಅಪರೂಪ. ಲಕ್ಷಣಗಳನ್ನು ಮಾತ್ರ ಎಣಿಸಿದರೆ ಇಡೀ ಉತ್ತರ ಕರ್ನಾಟಕವನ್ನು ರೋಗಿಯೆಂದು ಬರೆಯಬೇಕಾಗುತ್ತದೆ. ಹಿಡಿತ ತಪ್ಪಿ ಹಾನಿಯಾಗುತ್ತಿದೆಯೇ ಎಂಬ ಪ್ರಶ್ನೆಯನ್ನು ಕೈಬಿಟ್ಟು ಬರೀ ಆಸೆಯ ತೀವ್ರತೆಯನ್ನು ಅಳೆಯುವ ಯಾವ ಪಟ್ಟಿಯನ್ನೂ ನಾನು ನಂಬುವುದಿಲ್ಲ.

ಚಹಾದ ಕತೆ ತದ್ವಿರುದ್ಧ. ಅದನ್ನು ಯಾರೂ ಚಟವೆನ್ನುವುದಿಲ್ಲ, ಅತಿಥಿಗೆ ಕೊಡುವ ಮರ್ಯಾದೆ ಅದು. ಆದರೆ ತಲಬು ಎಂಬ ನಮ್ಮ ಪದ ಸೂಚಿಸುವ ದೈಹಿಕ ಸ್ಥಿತಿ ಕೈಪಿಡಿಯಲ್ಲಿ ಹೆಸರಿಸಿರುವಂಥದ್ದೇ. ಕೆಫೀನ್ ನಿಂತ 12ರಿಂದ 24 ತಾಸಿನೊಳಗೆ ತಲೆನೋವು, ಜಡತ್ವ, ಸಿಡುಕು ಕಾಣಿಸಿಕೊಳ್ಳುವುದನ್ನು 2013ರ ಅದೇ ಕೈಪಿಡಿ ರೋಗಲಕ್ಷಣವೆಂದು ಒಪ್ಪಿದೆ. ಏಕಾದಶಿಯಂದು ಚಹಾವನ್ನೂ ಬಿಟ್ಟು ನಿರಾಹಾರ ಇದ್ದವರು ಸಂಜೆ ಹೊತ್ತಿಗೆ ತಲೆ ಕಟ್ಟಿಕೊಂಡು ಮಲಗಿ ಹಸಿವಿಗೆ ತಲೆ ನೋಯುತ್ತಿದೆ ಎನ್ನುತ್ತಾರಲ್ಲ, ಅವರಲ್ಲಿ ಎಷ್ಟೋ ಜನರ ನೋವು ಅನ್ನದ್ದಲ್ಲ, ಚಹಾದ್ದು. ಇಷ್ಟಾದರೂ ಹಾನಿ ಅಲ್ಪವಾದ್ದರಿಂದ ಇದನ್ನು ರೋಗವಾಗಿಸುವ ಅಗತ್ಯವಿಲ್ಲ. ದಿನಕ್ಕೆ ಆರು ಕಪ್ಪು ಕುಡಿಯುವವರಿಗೆ ಅಪಾಯ ಇರುವುದು ಕೆಫೀನಿಗಿಂತ ಪ್ರತಿ ಕಪ್ಪಿಗೆ ಬೀಳುವ ಎರಡೆರಡು ಚಮಚ ಸಕ್ಕರೆಯಲ್ಲಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ನಂಬಿಕೆ ಇನ್ನೂ ಗಟ್ಟಿಯಾದದ್ದು: ದೇಹಕ್ಕೆ ಬೇಕಾದದ್ದನ್ನೇ ನಾಲಿಗೆ ಕೇಳುತ್ತದೆ ಎಂಬುದು. ಬಸುರಿ ಹುಳಿ ಕೇಳಿದರೆ ಕೂಸಿಗೆ ಅದು ಬೇಕಾಗಿದೆ, ಕೊಡದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುವವರೂ ಇದ್ದಾರೆ. ಇಂಗ್ಲಿಷ್ ಜಗತ್ತಿನಲ್ಲಿ ಇದರ ಜೊತೆಗಾರ ನಂಬಿಕೆ, ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ಚಾಕೊಲೇಟ್ ಬೇಕೆನ್ನಿಸುವುದು ಅದರೊಳಗಿನ ಮೆಗ್ನೀಸಿಯಮ್ಮಿಗಾಗಿ ಎಂಬುದು. ಆದರೆ ಅಮೆರಿಕದ ಹೆಂಗಸರಲ್ಲಿ ಬಹಳವಾಗಿ ಕಾಣುವ ಈ ಮುಟ್ಟಿನ ಹೊತ್ತಿನ ಆಸೆ ಸ್ಪೇನಿನ ಹೆಂಗಸರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಈಜಿಪ್ಟಿನಲ್ಲಿ ಜನ ಹಂಬಲಿಸುವುದು ಸಿಹಿಗಿಂತ ಖಾರ-ಉಪ್ಪಿನ ಅಡುಗೆಯನ್ನು. ಗರ್ಭಕೋಶ ಎಲ್ಲ ದೇಶಗಳಲ್ಲೂ ಒಂದೇ, ಆಸೆ ಮಾತ್ರ ಬೇರೆ. 1994ರ ಒಂದು ಪ್ರಯೋಗದಲ್ಲಿ ಚಾಕೊಲೇಟಿಗೆ ಹಂಬಲಿಸುತ್ತಿದ್ದವರಿಗೆ ಕೋಕೋದ ಸತ್ವವನ್ನೆಲ್ಲ ಗುಳಿಗೆಯಲ್ಲಿ ತುಂಬಿ ನುಂಗಿಸಿದರೂ ಹಂಬಲ ತಣಿಯಲಿಲ್ಲ. ನಾಲಿಗೆಯ ಮೇಲೆ ಕರಗಿದಾಗ ತಣಿಯಿತು. ದೇಹ ಕೇಳಿದ್ದು ಸತ್ವವನ್ನಲ್ಲ, ಅನುಭವವನ್ನು. ಪರಊರಿನಲ್ಲಿ ಮೂರು ಹೊತ್ತು ಚೆನ್ನಾಗಿ ಉಂಡವನಿಗೂ ಜೋಳದ ರೊಟ್ಟಿ, ಪುಂಡಿಪಲ್ಲೆ ನೆನಪಾಗುವುದು ಯಾವ ಪೋಷಕಾಂಶದ ಕೊರತೆಯಿಂದಲೂ ಅಲ್ಲ.

ಒಂದು ಅಪವಾದವಿದೆ, ಅದನ್ನು ಹಗುರವಾಗಿ ನೋಡಬಾರದು. ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ, ಐಸ್ ತುಂಡುಗಳನ್ನು ತಿನ್ನಬೇಕೆನ್ನಿಸುವ ಆಸೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆಯ ಗುರುತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇತ್ತು. ಇಂಥಲ್ಲಿ ಮಣ್ಣು ತಿನ್ನುವ ಬಾಲೆಯನ್ನೋ ಬಸುರಿಯನ್ನೋ ಗದರಿಸಿ ಸುಮ್ಮನಾಗುವ ಬದಲು ರಕ್ತ ಪರೀಕ್ಷೆ ಮಾಡಿಸಬೇಕು; ಕಬ್ಬಿಣದ ಗುಳಿಗೆ ಶುರುವಾದ ಮೇಲೆ ಐಸಿನ ಹಂಬಲ ತಾನಾಗಿ ಅಡಗುವುದನ್ನು ವೈದ್ಯರು ಕಂಡಿದ್ದಾರೆ. ಇಲ್ಲಿಯೂ ದೇಹ ಜಾಣತನ ತೋರಿಸುತ್ತಿಲ್ಲ ಎಂಬುದು ವಿಚಿತ್ರ. ಐಸಿನಲ್ಲಿ ಕಬ್ಬಿಣವಿಲ್ಲ, ಕೆಲವು ಬಗೆಯ ಜೇಡಿಮಣ್ಣು ಇದ್ದ ಕಬ್ಬಿಣವನ್ನೂ ಹೀರಿಕೊಳ್ಳದಂತೆ ತಡೆಯುತ್ತದೆ.

ಆಸೆಯನ್ನು ಹೆಚ್ಚಿಸುವುದರಲ್ಲಿ ಕೊರತೆಗಿಂತ ನಿಷೇಧದ ಪಾತ್ರ ದೊಡ್ಡದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದರು. ಅವರೆಲ್ಲ ಸ್ವಂತ ಇಚ್ಛೆಯಿಂದ ಬಂದವರು, ದೇಹ, ಮನಸ್ಸುಗಳ ಆರೋಗ್ಯವನ್ನು ಪರೀಕ್ಷಿಸಿ ಆಯ್ಕೆ ಮಾಡಿದವರು. ತಿಂಗಳುಗಳು ಕಳೆದಂತೆ ಅವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು, ಊಟದ ಕನಸು ಕಂಡರು, ತಟ್ಟೆಯಲ್ಲಿದ್ದ ಚೂರನ್ನು ತಾಸುಗಟ್ಟಲೆ ಎಳೆದು ತಿಂದರು. ಪ್ರಯೋಗ ಮುಗಿದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ತಿಂಗಳುಗಟ್ಟಲೆ ತೃಪ್ತಿಯಾಗಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಯೋಗಗಳ ಪ್ರಸಿದ್ಧ ಸಕ್ಕರೆ ಇಲಿಗಳದೂ ಇದೇ ಪಾಠ. ಸಕ್ಕರೆಗೆ ಚಟದ ಗುಣವಿದೆ ಎನ್ನಲು ಎಲ್ಲರೂ ಉದಾಹರಿಸುವ ಆ ಇಲಿಗಳು ದಿನಕ್ಕೆ 12 ತಾಸು ಏನೂ ಇಲ್ಲದೆ ಇದ್ದು ಆಮೇಲೆ ಸಕ್ಕರೆ ನೀರು ಪಡೆದವು. ಸದಾ ಸಕ್ಕರೆ ನೀರು ಸಿಗುತ್ತಿದ್ದ ಇಲಿಗಳಲ್ಲಿ ಆ ಮುಗಿಬೀಳುವ ವರ್ತನೆ ಕಾಣಲಿಲ್ಲ. ವಿಡಿಯೋಗಳಲ್ಲಿ ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ "ಬಾಯಿ ಕಟ್ರಿ" ಎಂದು ಹೇಳಿ ಕಳಿಸುವ ವೈದ್ಯರು ಇದನ್ನು ನೆನಪಿನಲ್ಲಿಡಬೇಕು. ಇಪ್ಪತ್ತು ದಿನ ಕಟ್ಟುನಿಟ್ಟಿನ ಪಥ್ಯ ಮಾಡಿದವರು ಇಪ್ಪತ್ತೊಂದನೆಯ ದಿನ ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ ಹೋಳಿಗೆ ಎರಡಕ್ಕೆ ನಿಲ್ಲುವುದಿಲ್ಲ, ಮರುದಿನ ಮತ್ತೆ ಪಥ್ಯಕ್ಕೆ ಮರಳುವ ಮನಸ್ಸೂ ಉಳಿದಿರುವುದಿಲ್ಲ. ಒಂದು ವಾರ ಚಾಕೊಲೇಟ್ ನಿಷೇಧಿಸಿದಾಗ, ಮೊದಲಿನಿಂದಲೂ ಬಾಯಿ ಕಟ್ಟಿಕೊಂಡು ಬದುಕುವ ಸ್ವಭಾವದವರೇ ಆಮೇಲೆ ಹೆಚ್ಚು ತಿಂದರು ಎಂದು 2005ರ ಅಧ್ಯಯನವೊಂದು ತೋರಿಸಿತು. ಹಾಗೆಂದು ಪಥ್ಯ ವ್ಯರ್ಥವಲ್ಲ. ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ವಿಶ್ಲೇಷಣೆಯ ಪ್ರಕಾರ ತಿಂಗಳುಗಟ್ಟಲೆ ನಡೆದ ಮಿತಾಹಾರದಲ್ಲಿ ಹಂಬಲ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಮೊದಲ ವಾರಗಳ ಕಾಟವನ್ನೇ ಜೀವಮಾನದ ಕಾಟವೆಂದು ತಿಳಿದು ಸೋಲೊಪ್ಪಿಕೊಳ್ಳುವವರಿಗೆ ಈ ಮಾತನ್ನು ಯಾರಾದರೂ ಮುಂಚೆಯೇ ಹೇಳಿರಬೇಕು.

ಈಗ ಅಂಗಡಿಯ ತಿನಿಸಿನ ಪೊಟ್ಟಣದ ಮಾತು. ನಮ್ಮ ಸೀಮೆಯಲ್ಲಿ ಸಿಹಿಗೆ ಬರವೇನೂ ಇರಲಿಲ್ಲ. ಧಾರವಾಡ ಪೇಡೆ ಹಾಲನ್ನು ಬತ್ತಿಸಿದ ಖೋವಾ ಮತ್ತು ಸಕ್ಕರೆ, ಅಂದರೆ ಜಿಡ್ಡು ಮತ್ತು ಶರ್ಕರ ಎರಡರ ಕೂಟ. ಇವೆರಡೂ ಒಟ್ಟಿಗಿರುವ ತಿನಿಸನ್ನು ಮಿದುಳು ಒಂದೊಂದೇ ಇರುವುದಕ್ಕಿಂತ ಬಹಳ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತದೆ ಎಂದು 2018ರ ಪ್ರಯೋಗವೊಂದು ತೋರಿಸಿದೆ. ಮಿರ್ಚಿ ಭಜಿಯದೂ ಅದೇ ಜಾತಿ: ಹಿಟ್ಟು, ಎಣ್ಣೆ, ಉಪ್ಪು. ನಮ್ಮದು ಎಂಬ ಅಭಿಮಾನದಿಂದ ಇವುಗಳಿಗೆ ವಿನಾಯಿತಿ ಕೊಡಲಾಗದು. ಆದರೂ ಪಂಚಮಿಯ ಉಂಡಿಗೂ ಐದು ರೂಪಾಯಿಯ ಪೊಟ್ಟಣಕ್ಕೂ ದೊಡ್ಡ ಅಂತರವಿದೆ. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಕಟ್ಟಲು ಎರಡು ದಿನದ ದುಡಿಮೆ ಬೇಕು. ನಾಲ್ಕಾರು ಮನೆಗೆ ಹಂಚಬೇಕು. ಡಬ್ಬಿ ಬರಿದಾದರೆ ಮತ್ತೆ ಒಂದು ವರ್ಷ ಕಾಯಬೇಕು. ಎಳ್ಳನ್ನೂ ಶೇಂಗಾವನ್ನೂ ಹಲ್ಲು ಅಗಿದೇ ತೀರಬೇಕಾದ್ದರಿಂದ ಮೂರನೆಯ ಉಂಡಿಗೆ ಹೊಟ್ಟೆ ತಾನೇ ಸಾಕೆನ್ನುತ್ತದೆ. ಪೊಟ್ಟಣಕ್ಕೆ ಋತುವಿಲ್ಲ, ದುಡಿಮೆಯಿಲ್ಲ, ಅಗಿತವೂ ಇಲ್ಲ. ಅದು ಹಳ್ಳಿಯ ಕಿರಾಣಿ ಅಂಗಡಿಯ ಬಾಗಿಲಲ್ಲಿ, ಶಾಲೆಯ ಮಗುವಿನ ಕಣ್ಣಿನೆತ್ತರಕ್ಕೆ ಸರಿಯಾಗಿ, ಸರಮಾಲೆಯಾಗಿ ತೂಗುತ್ತಿರುತ್ತದೆ.

ಈ ಬಗೆಯ ತಿನಿಸುಗಳನ್ನು 'ಅತಿ ಸಂಸ್ಕರಿತ' ಎಂದು ಪ್ರತ್ಯೇಕ ವರ್ಗವಾಗಿ ಗುರುತಿಸಿದವರು ಬ್ರೆಜಿಲ್‌ನ ಕಾರ್ಲೋಸ್ ಮೊಂಟೀರೊ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯೊಳಗೇ ಇರಿಸಿಕೊಂಡು ಎರಡು ವಾರ ಇಂಥ ಆಹಾರವನ್ನು, ಇನ್ನೆರಡು ವಾರ ಸಾಮಾನ್ಯ ಅಡುಗೆಯನ್ನು ಬೇಕಾದಷ್ಟು ಬಡಿಸಿದರು. ಬಡಿಸಿದ ಸಕ್ಕರೆ, ಜಿಡ್ಡು, ಉಪ್ಪು, ನಾರಿನ ಪ್ರಮಾಣ ಎರಡರಲ್ಲೂ ಸರಿಸಮ. ಆದರೂ ಅತಿ ಸಂಸ್ಕರಿತ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡೇ ವಾರದಲ್ಲಿ ಒಂದು ಕಿಲೋದ ಹತ್ತಿರ ತೂಕ ಏರಿತು. ಆ ಇಪ್ಪತ್ತು ಜನರ ಮನೋಬಲ ಎರಡು ವಾರದಲ್ಲಿ ಕುಸಿದು ಮುಂದಿನೆರಡು ವಾರದಲ್ಲಿ ಚಿಗುರಿತೆಂದು ವಾದಿಸುವುದು ಕಷ್ಟ. ತಿನಿಸನ್ನು ಹೀಗೆ ತಯಾರಿಸುವ ಉದ್ಯಮದ ಚರಿತ್ರೆಯಲ್ಲಿ ತಂಬಾಕಿನ ನೆರಳೂ ಇದೆ: ಸಿಗರೇಟು ಕಂಪನಿ ಫಿಲಿಪ್ ಮಾರಿಸ್ 1985ರಲ್ಲಿ ಜನರಲ್ ಫುಡ್ಸನ್ನೂ 1988ರಲ್ಲಿ ಕ್ರಾಫ್ಟನ್ನೂ ಕೊಂಡಿತ್ತು. ಭಾರತದಲ್ಲಿ ಅತಿ ಸಂಸ್ಕರಿತ ಆಹಾರದ ಚಿಲ್ಲರೆ ಮಾರಾಟ 2011ರಿಂದ 2021ರವರೆಗೆ ವರ್ಷಕ್ಕೆ ಸರಾಸರಿ ಶೇ. 13ಕ್ಕೂ ಹೆಚ್ಚು ಬೆಳೆಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು ಹೇಳುತ್ತದೆ. ಚಟ ಎಂಬ ಪದಕ್ಕೆ ಆಹಾರದ ಲೋಕದಲ್ಲಿ ಎಲ್ಲಾದರೂ ಜಾಗವಿದ್ದರೆ ಅದು ಇಲ್ಲಿ, ತಿನ್ನುವವರ ಸ್ವಭಾವಕ್ಕಲ್ಲದೆ ಸರಕಿನ ಗುಣಕ್ಕೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ತಿನ್ನುವ ಆಸೆಯನ್ನು ಚಾರಿತ್ರ್ಯದ ದೋಷವೆನ್ನುವ ವಾದಕ್ಕೆ ಇತ್ತೀಚೆಗೆ ಇನ್ನೊಂದು ಪೆಟ್ಟು ಬಿದ್ದಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಇವನ್ನು ತೆಗೆದುಕೊಂಡವರಲ್ಲಿ ಅನೇಕರು ಹೇಳುವುದು ಹಸಿವು ಕಡಿಮೆಯಾಯಿತೆಂದಷ್ಟೇ ಅಲ್ಲ, ತಲೆಯೊಳಗೆ ದಿನವಿಡೀ ನಡೆಯುತ್ತಿದ್ದ ಊಟದ ಗದ್ದಲ ನಿಂತಿತೆಂದು. ಮದ್ದು ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳುವುದನ್ನೂ ಅಧ್ಯಯನಗಳು ದಾಖಲಿಸಿವೆ. ಮದ್ದಿನ ಗುಣದೋಷ ಬೇರೆ ಲೇಖನದ ವಿಷಯ. ಇಲ್ಲಿಗೆ ಬೇಕಾದದ್ದು ಇಷ್ಟು: ವಾರಕ್ಕೊಂದು ಸೂಜಿಯಿಂದ ತಗ್ಗುವ ಗದ್ದಲವನ್ನು ಶೀಲದ ಕೊರತೆಯೆಂದು ಕರೆಯುತ್ತ ಬಂದದ್ದು ತಪ್ಪಾಗಿತ್ತು.

ಚಪಲ ಎಂಬ ಪದ ನಿಜವಾದ ಹಾನಿ ಮಾಡುವುದು ಒಂದು ಜಾಗದಲ್ಲಿ. ಅಮೆರಿಕದ ಕೈಪಿಡಿಯೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಒಪ್ಪಿರುವ, ತಡೆಯಲಾಗದೆ ತಿನ್ನುವ ಆ ಕಾಯಿಲೆಯ ಗುರುತುಗಳು ಸ್ಪಷ್ಟವಾಗಿವೆ. ಎರಡು ತಾಸಿನೊಳಗೆ ಬೇರೆಯವರು ತಿನ್ನಲಾರದಷ್ಟು ತಿನ್ನುವುದು, ನಡುವೆ ನಿಲ್ಲಿಸಲಾಗದೆ ಹೋಗುವುದು, ಹಸಿವಿಲ್ಲದೆ, ಹೊಟ್ಟೆ ನೋಯುವವರೆಗೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತಮ್ಮ ಮೇಲೇ ಹೇಸಿಗೆಯಾಗುವುದು. ಅಮೆರಿಕದ ಕೈಪಿಡಿಯ ಪ್ರಕಾರ ಇದು ವಾರಕ್ಕೊಮ್ಮೆಯಾದರೂ, ಮೂರು ತಿಂಗಳು ನಡೆದಿರಬೇಕು. ಇದಕ್ಕೆ ಮಾತಿನ ಚಿಕಿತ್ಸೆಯಿದೆ, ಅಗತ್ಯವಿದ್ದರೆ ಔಷಧವೂ ಇದೆ; ಧಾರವಾಡದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ, ಊರು ಬಿಟ್ಟು ಹೋಗಲಾಗದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಕೂಡುಕುಟುಂಬದಲ್ಲಿ ಎಲ್ಲರೂ ಮಲಗಿದ ಮೇಲೆ ದೀಪ ಹಚ್ಚದೆ ಅಡುಗೆಮನೆಯಲ್ಲಿ ನಿಂತು ತಿನ್ನುವ ಹೆಂಗಸು, ಮುಂಜಾನೆ ಡಬ್ಬಿ ಬರಿದಾದದ್ದಕ್ಕೆ ಮಕ್ಕಳ ಹೆಸರು ಹೇಳುವಾಕೆ, ಆಸ್ಪತ್ರೆಗೆ ಹೋಗುವುದು ಮೊಣಕಾಲು ನೋವಿಗೆ. ತೂಕ ನೋಡಿದ ವೈದ್ಯರು ಊಟದ ಬಗ್ಗೆ ಕೇಳಿದಾಗ ಆಕೆ ತಲೆ ತಗ್ಗಿಸಿ "ಬಾಯಿ ಚಪಲ ಸ್ವಲ್ಪ ಜಾಸ್ತಿ ಐತ್ರಿ" ಎನ್ನುತ್ತಾಳೆ. ಜೊತೆಗೆ ಬಂದ ಗಂಡ ನಗುತ್ತಾನೆ. ವೈದ್ಯರು ಪಥ್ಯದ ಚೀಟಿ ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ.